ದೊಡ್ಡವರ ಹೃದಯ ಹಠಾತ್ತನೆ ನಿಂತಾಗ ಮಾಡುವ ಸಿಪಿಆರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೃದಯ ನಿಂತು ನಾಲ್ಕೈದು ನಿಮಿಷ ಕಳೆಯುತ್ತಿದ್ದಂತೆ ಮೆದುಳಿಗೆ ಸರಿಪಡಿಸಲಾಗದ ಹಾನಿ ಶುರುವಾಗುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಾಗಲಿ, ಮಲೆನಾಡಿನ ಒಂಟಿಮನೆಯಲ್ಲಾಗಲಿ, ಅಷ್ಟರೊಳಗೆ ಆಂಬುಲೆನ್ಸ್ ಬಂದು ನಿಲ್ಲುವುದು ಅಪರೂಪ. ಹಾಗಾಗಿ ಮೊದಲ ಚಿಕಿತ್ಸೆ ಕೊಡಬೇಕಾದವರು ಪಕ್ಕದಲ್ಲಿರುವವರೇ. ಆ ಚಿಕಿತ್ಸೆಯೇ ಸಿಪಿಆರ್: ಎದೆ ಒತ್ತಿ ರಕ್ತ ಓಡಿಸುವುದು, ಬೇಕಾದಲ್ಲಿ ಉಸಿರು ಕೊಡುವುದು. ವೈದ್ಯಕೀಯ ತರಬೇತಿ ಇಲ್ಲದವರು ದೊಡ್ಡವರಿಗೆ ಏನು ಮಾಡಬಹುದು ಎಂಬುದಷ್ಟೇ ಈ ಪುಟದ ವಿಷಯ.

ಹೃದಯಾಘಾತ, ಹೃದಯ ಸ್ತಂಭನ ಎರಡೂ ಒಂದೇನಾ?

ಅಲ್ಲ. ಹೃದಯಾಘಾತ ಅಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಆಗ ರೋಗಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ. ಎದೆ ಹಿಂಡುತ್ತದೆ, ಬೆವರುತ್ತದೆ, ನೋವು ತೋಳಿಗೋ ದವಡೆಗೋ ಹರಡುತ್ತದೆ. ಇವರಿಗೆ ಸಿಪಿಆರ್ ಬೇಡ, ತಕ್ಷಣ ಆಸ್ಪತ್ರೆ ಬೇಕು. ಹೃದಯ ಸ್ತಂಭನದಲ್ಲಿ ಹೃದಯ ರಕ್ತವನ್ನು ಹೊರಗೆ ತಳ್ಳುವುದನ್ನೇ ನಿಲ್ಲಿಸಿರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪಿ ಕುಸಿಯುತ್ತಾರೆ. ಮೊದಲನೆಯದು ಯಾವ ಕ್ಷಣದಲ್ಲಾದರೂ ಎರಡನೆಯದಕ್ಕೆ ತಿರುಗಬಹುದು. ಎದೆನೋವು ಎಂದವರನ್ನು ಒಂಟಿಯಾಗಿ ಬೈಕಿನಲ್ಲಿ ಆಸ್ಪತ್ರೆಗೆ ಕಳಿಸಬಾರದು ಎನ್ನುವುದು ಇದಕ್ಕೇ.

ಕುಸಿದು ಬಿದ್ದವರ ಹೃದಯ ನಿಂತಿದೆ ಎಂದು ಗೊತ್ತಾಗುವುದು ಹೇಗೆ?

ಮೊದಲು ನಿಮಗೆ ಅಪಾಯವಿಲ್ಲವೇ ನೋಡಿ: ಹರಿದುಬಿದ್ದ ವಿದ್ಯುತ್ ತಂತಿ, ಓಡಾಡುವ ವಾಹನ, ಬೆಂಕಿ, ಅನಿಲ. ಆಮೇಲೆ ಎರಡೂ ಭುಜ ಹಿಡಿದು ಅಲುಗಿಸಿ, ಜೋರಾಗಿ ಕೂಗಿ ಕರೆಯಿರಿ. ಕಣ್ಣು ಬಿಡದಿದ್ದರೆ, ನರಳದಿದ್ದರೆ ಅಂಗಾತ ಮಲಗಿಸಿ ಎದೆ, ಹೊಟ್ಟೆ ಏರಿಳಿಯುತ್ತಿವೆಯೇ ನೋಡಿ. ಇದಕ್ಕೆ 10 ಸೆಕೆಂಡಿಗಿಂತ ಹೆಚ್ಚು ಬೇಡ. ಪ್ರತಿಕ್ರಿಯೆಯೂ ಇಲ್ಲ, ಸರಿಯಾದ ಉಸಿರೂ ಇಲ್ಲ ಎಂದಾದರೆ ಹೃದಯ ನಿಂತಿದೆ ಎಂದೇ ತಿಳಿದು ಎದೆ ಒತ್ತಲು ಶುರುಮಾಡಿ.

ಆದರೆ ಆಗಾಗ ಉಸಿರು ಎಳೆದುಕೊಳ್ಳುತ್ತಿದ್ದಾರಲ್ಲ?

ಜೀವ ಕಳೆಯುವ ತಪ್ಪು ಅತಿ ಹೆಚ್ಚು ಆಗುವುದು ಇಲ್ಲೇ. ಹೃದಯ ನಿಂತ ಮೊದಲ ಕೆಲವು ನಿಮಿಷ ಹಲವರಿಗೆ ಮೇಲುಸಿರು ಬರುತ್ತದೆ. ಬಾಯಿ ತೆರೆದು ಗಕ್ಕನೆ ಒಮ್ಮೆ ಗಾಳಿ ಎಳೆದು, ನಾಲ್ಕೈದು ಸೆಕೆಂಡೋ ಇನ್ನೂ ಹೆಚ್ಚೋ ಸುಮ್ಮನಾಗಿ, ಮತ್ತೆ ಒಮ್ಮೆ ಎಳೆಯುತ್ತಾರೆ. ಗೊರಕೆಯಂಥ, ಗೊಟಗೊಟ ಎನ್ನುವ ಸದ್ದು ಬರಬಹುದು, ದವಡೆ ಮೀನಿನ ಬಾಯಿಯಂತೆ ಆಡಬಹುದು. ಇದು ಉಸಿರಾಟವಲ್ಲ. ರಕ್ತ ಸಿಗದ ಮೆದುಳಿನ ಕಾಂಡ (ಮೆದುಳಿನ ಬುಡದ ಭಾಗ) ಕೊನೆಯದಾಗಿ ಕಳಿಸುವ ಆದೇಶಗಳಿಗೆ ಸ್ನಾಯುಗಳು ಸ್ಪಂದಿಸುತ್ತಿರುವುದು ಅಷ್ಟೆ. "ಉಸಿರಾಡ್ತಿದ್ದಾರೆ, ಗಾಳಿ ಬಿಡಿ" ಎಂದು ಸುತ್ತ ನಿಂತು ಬೀಸುವ ಹೊತ್ತಿನಲ್ಲೇ ಅಮೂಲ್ಯ ನಿಮಿಷಗಳು ಹೋಗುತ್ತವೆ. ಮೇಲುಸಿರು ಇನ್ನೂ ಇದೆ ಎಂದರೆ ಹೃದಯ ನಿಂತು ಬಹಳ ಹೊತ್ತಾಗಿಲ್ಲ, ಉಳಿಸುವ ಅವಕಾಶ ಚೆನ್ನಾಗಿದೆ ಎಂದರ್ಥ. ಉಸಿರು ಸಹಜವೋ ಅಲ್ಲವೋ ಎಂಬ ಅನುಮಾನ ಬಂದರೆ, ಸಹಜವಲ್ಲ ಎಂದೇ ತೀರ್ಮಾನಿಸಿ.

ನಾಡಿ ನೋಡಬೇಡವೇ?

ಬೇಡ. ಗಾಬರಿಯಲ್ಲಿ ನಿಮ್ಮ ಬೆರಳಿನದೇ ಮಿಡಿತ ಅವರ ನಾಡಿ ಎಂದು ಅನ್ನಿಸುತ್ತದೆ. ನರ್ಸ್, ವೈದ್ಯರು ಕುತ್ತಿಗೆಯ ನಾಡಿಯನ್ನು 10 ಸೆಕೆಂಡು ಮೀರದಂತೆ ನೋಡುತ್ತಾರೆ. ಅವರೂ ತಪ್ಪುವುದುಂಟು.

ಕೈಕಾಲು ಅದುರುತ್ತಿವೆ, ಫಿಟ್ಸ್ ಇರಬಹುದಲ್ಲವೇ?

ಇರಬಹುದು. ಆದರೆ ಹೃದಯ ನಿಂತ ಕೂಡಲೇ ಮೆದುಳಿಗೆ ರಕ್ತ ತಪ್ಪಿ ಕೆಲವು ಸೆಕೆಂಡು ಅದುರುವುದೂ ಉಂಟು. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು ಇವೆರಡರಲ್ಲಿ ಯಾವುದಕ್ಕೂ ಮದ್ದಲ್ಲ. ಅದುರುವುದು ನಿಂತ ತಕ್ಷಣ ಉಸಿರು ನೋಡಿ. ಫಿಟ್ಸ್ ಆದವರಲ್ಲಿ ಸಾಮಾನ್ಯವಾಗಿ ಆಳವಾದ, ಸದ್ದಿನ ಉಸಿರಾಟ ಒಂದೇ ಸಮನೆ ಮುಂದುವರಿಯುತ್ತದೆ. ಉಸಿರಿಲ್ಲದಿದ್ದರೆ, ಇಲ್ಲವೇ ಮೇಲುಸಿರು ಮಾತ್ರ ಇದ್ದರೆ, ಎದೆ ಒತ್ತಿ.

ಮೊದಲು ಫೋನೋ, ಎದೆ ಒತ್ತುವುದೋ?

ಇಬ್ಬರಿದ್ದರೆ ಎರಡೂ ಒಟ್ಟಿಗೆ ಆಗಬೇಕು. "ಯಾರಾದರೂ ಆಂಬುಲೆನ್ಸ್ ಕರೀರಿ" ಎಂದರೆ ಯಾರೂ ಕರೆಯುವುದಿಲ್ಲ. ಒಬ್ಬರನ್ನು ಬೆರಳು ಮಾಡಿ "ನೀಲಿ ಅಂಗಿ ಅಣ್ಣ, ನೀವು 108ಕ್ಕೆ ಫೋನ್ ಮಾಡಿ, ಮಾಡಿ ನನಗೆ ಹೇಳಿ" ಎನ್ನಿ. ಇನ್ನೊಬ್ಬರನ್ನು ಎಇಡಿ (ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಪೆಟ್ಟಿಗೆ) ಹುಡುಕಲು ಕಳಿಸಿ. ಒಬ್ಬರೇ ಇದ್ದರೆ 108 ಅಥವಾ 112 ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ನೆಲದ ಮೇಲಿಟ್ಟು ಎದೆ ಒತ್ತುತ್ತಲೇ ಮಾತಾಡಿ.

ಹೇಳಬೇಕಾದ ಮೊದಲ ಮಾತು: "ಪ್ರಜ್ಞೆ ಇಲ್ಲ, ಉಸಿರಿಲ್ಲ, ಸಿಪಿಆರ್ ಮಾಡ್ತಿದ್ದೇವೆ." ಆಮೇಲೆ ಊರು, ತಾಲ್ಲೂಕು, ಗುರುತಿಗೆ ಶಾಲೆಯೋ ದೇವಸ್ಥಾನವೋ ಬಸ್ ಸ್ಟಾಪೋ. ಬರೀ "ಎದೆನೋವು" ಎಂದರೆ ಪರಿಸ್ಥಿತಿಯ ತೀವ್ರತೆ ಅವರಿಗೆ ತಲುಪುವುದಿಲ್ಲ. ಅಪಾರ್ಟ್‌ಮೆಂಟಾದರೆ ಒಬ್ಬರು ಗೇಟಿಗೆ ಹೋಗಿ ಲಿಫ್ಟ್ ಕೆಳಗೆ ಹಿಡಿದಿರಲಿ.

ಎದೆ ಒತ್ತುವ ಸರಿಯಾದ ಕ್ರಮ ಯಾವುದು?

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಅವರ ಎದೆಯ ಪಕ್ಕಕ್ಕೆ ಎರಡೂ ಮಂಡಿಯೂರಿ, ಆದಷ್ಟು ಹತ್ತಿರ ಕೂರಿ. ಒಂದು ಅಂಗೈಯ ಬುಡವನ್ನು ಎದೆಯ ನಟ್ಟನಡುವೆ, ಎದೆಮೂಳೆಯ ಕೆಳಗಿನ ಅರ್ಧಭಾಗದ ಮೇಲೆ ಇಡಿ. ಹೃದಯ ಎಡಗಡೆ ಇದೆ ಎಂದು ಎಡ ಎದೆಯ ಮೇಲೆ ಕೈ ಇಡುವವರು ಬಹಳ. ಅಲ್ಲಿ ಒತ್ತಿದರೆ ಪಕ್ಕೆಲುಬು ಮುರಿಯುತ್ತದೆಯೇ ಹೊರತು ರಕ್ತ ಹರಿಯುವುದಿಲ್ಲ. ಹೃದಯ ಎದೆಮೂಳೆಗೂ ಬೆನ್ನುಮೂಳೆಗೂ ನಡುವೆ ಇದೆ, ಅವೆರಡರ ನಡುವೆ ಅದನ್ನು ಅದುಮಬೇಕು. ಹೊಟ್ಟೆಗೆ ಹತ್ತಿರದ ಎದೆಮೂಳೆಯ ತುದಿಯ ಮೇಲೂ ಒತ್ತಬೇಡಿ.

ಇನ್ನೊಂದು ಕೈಯನ್ನು ಅದರ ಮೇಲಿಟ್ಟು ಬೆರಳು ಹೆಣೆದುಕೊಳ್ಳಿ. ಬೆರಳುಗಳು ಪಕ್ಕೆಲುಬಿಗೆ ಒತ್ತದಂತೆ ಮೇಲಕ್ಕೆತ್ತಿರಲಿ. ಮೊಣಕೈ ನೆಟ್ಟಗಿರಲಿ, ನಿಮ್ಮ ಭುಜ ನಿಮ್ಮ ಅಂಗೈಗಳ ನೇರ ಮೇಲೆ ಬರಲಿ. ತೋಳಿನ ಬಲದಿಂದ ಒತ್ತಿದರೆ ಒಂದೇ ನಿಮಿಷಕ್ಕೆ ಸೋಲುತ್ತೀರಿ. ಸೊಂಟದಿಂದ ಬಾಗಿ ಮೈಭಾರ ಬಿಡಿ.

ಆಳ ಕನಿಷ್ಠ 5 ಸೆಂ.ಮೀ., 6 ಸೆಂ.ಮೀ. ಮೀರದಿರಲಿ. ವೇಗ ನಿಮಿಷಕ್ಕೆ 100ರಿಂದ 120, ಅಂದರೆ ಸೆಕೆಂಡಿಗೆ ಸುಮಾರು ಎರಡು. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಿ, ಆದರೆ ಅಂಗೈ ಜಾಗ ಬಿಡಬಾರದು. ಒತ್ತಿದಾಗ ರಕ್ತ ಹೊರಗೆ ಹೋಗುತ್ತದೆ, ಬಿಟ್ಟಾಗಲೇ ಹೃದಯಕ್ಕೆ ಮತ್ತೆ ರಕ್ತ ತುಂಬಿಕೊಳ್ಳುತ್ತದೆ. ಎದೆಯ ಮೇಲೆ ಒರಗಿಕೊಂಡೇ ಒತ್ತುತ್ತಿದ್ದರೆ ತಳ್ಳಲು ಒಳಗೆ ರಕ್ತವೇ ಇರುವುದಿಲ್ಲ.

ಎಣಿಕೆಯ ವಿಷಯದಲ್ಲಿ ಒಂದು ಸಲಹೆ. ಕನ್ನಡದಲ್ಲಿ 30ರವರೆಗೆ ಜೋರಾಗಿ ಎಣಿಸುತ್ತಾ ಹೋದರೆ "ಇಪ್ಪತ್ತೊಂದು, ಇಪ್ಪತ್ತೆರಡು" ಬರುವಷ್ಟರಲ್ಲಿ ನಾಲಗೆಯ ಜೊತೆ ಕೈಯೂ ನಿಧಾನವಾಗುತ್ತದೆ. ಒಂದರಿಂದ ಹತ್ತರವರೆಗೆ ಮೂರು ಸಲ ಎಣಿಸಿದರೆ ವೇಗ ಕೆಡುವುದಿಲ್ಲ.

ಒತ್ತುವಾಗ ಸಾಮಾನ್ಯವಾಗಿ ಕೆಡುವುದು ಏನು?

ನಿಲ್ಲಿಸುವುದು. "ಎದ್ದರಾ" ಎಂದು ನೋಡಲು, ಫೋನ್ ತೆಗೆಯಲು, ಬಂದ ನೆಂಟರಿಗೆ ಉತ್ತರ ಹೇಳಲು ನಡುನಡುವೆ ನಿಲ್ಲಿಸುತ್ತಾರೆ. ಬೋರ್‌ವೆಲ್‌ನ ಕೈಪಂಪು ಹೊಡೆಯುವುದನ್ನು ನಿಲ್ಲಿಸಿದರೆ ಮತ್ತೆ ನೀರು ಬರಲು ಹಲವು ಸಲ ಖಾಲಿ ಹೊಡೆಯಬೇಕಾಗುತ್ತದಲ್ಲ, ಇಲ್ಲೂ ಹಾಗೆಯೇ. ಹತ್ತಾರು ಒತ್ತಿಗೆ ಏರಿದ ರಕ್ತದ ಒತ್ತಡ ಕೈ ನಿಂತ ಕೆಲವೇ ಸೆಕೆಂಡಿಗೆ ಬಿದ್ದುಹೋಗುತ್ತದೆ. ಯಾವ ಕಾರಣಕ್ಕಾದರೂ ವಿರಾಮ 10 ಸೆಕೆಂಡು ದಾಟಬಾರದು.

ಎರಡನೆಯದು ಆಯಾಸ. ಒಂದೆರಡು ನಿಮಿಷದಲ್ಲಿ ಒತ್ತುವ ಆಳ ತಾನಾಗಿ ಕಡಿಮೆಯಾಗುತ್ತದೆ, ಒತ್ತುವವರಿಗೆ ಅದು ಗೊತ್ತೇ ಆಗುವುದಿಲ್ಲ. ಹಾಗಾಗಿ "ನನಗೆ ಸುಸ್ತಾಗಿಲ್ಲ" ಎಂದರೂ ಪ್ರತಿ 2 ನಿಮಿಷಕ್ಕೆ ಜನ ಬದಲಾಗಲೇಬೇಕು. ಮುಂದಿನವರು ಎದುರು ಪಕ್ಕದಲ್ಲಿ ಮೊದಲೇ ಮಂಡಿಯೂರಿ, ಕೈ ಚಾಚಿ ಕಾಯುತ್ತಿರಲಿ.

ಮೂರನೆಯದು ಕನಿಕರ. ನೋವಾದೀತು ಎಂದು ಮೆಲ್ಲಗೆ ಒತ್ತುವವರೇ ಹೆಚ್ಚು. 2 ಸೆಂ.ಮೀ. ಒತ್ತಿದರೆ ಮೆದುಳಿಗೆ ರಕ್ತ ಮುಟ್ಟುವುದಿಲ್ಲ.

ಬಾಯಿಗೆ ಬಾಯಿಟ್ಟು ಉಸಿರು ಕೊಡಲೇಬೇಕೇ?

ಕಣ್ಣೆದುರು ಹಠಾತ್ತನೆ ಕುಸಿದ ದೊಡ್ಡವರಿಗೆ ಕಡ್ಡಾಯವಲ್ಲ. ಹೃದಯ ನಿಂತ ಕ್ಷಣದಲ್ಲಿ ಅವರ ರಕ್ತದಲ್ಲಿ ಕೆಲವು ನಿಮಿಷಕ್ಕೆ ಸಾಕಾಗುವಷ್ಟು ಆಮ್ಲಜನಕ ಇದ್ದೇ ಇರುತ್ತದೆ, ಅದನ್ನು ಮೆದುಳಿಗೆ ತಲುಪಿಸುವ ಕೆಲಸ ಬಾಕಿ. ಇಂಡಿಯನ್ ರೆಸಸಿಟೇಷನ್ ಕೌನ್ಸಿಲ್ ಫೆಡರೇಷನ್ ನಮ್ಮ ದೇಶದ ಜನಸಾಮಾನ್ಯರಿಗೆ ಎಂದು ರೂಪಿಸಿರುವ ಕೋಲ್ಸ್ ಕ್ರಮವೂ ಎದೆ ಒತ್ತುವುದನ್ನು ಮಾತ್ರ ಕಲಿಸುತ್ತದೆ. ಅಪರಿಚಿತರ ಬಾಯಿಗೆ ಬಾಯಿಡುವ ಹಿಂಜರಿಕೆಯಿಂದ ಜನ ಏನೂ ಮಾಡದೆ ನಿಲ್ಲುವುದಕ್ಕಿಂತ ಇದು ಎಷ್ಟೋ ಮೇಲು.

ತರಬೇತಿ ಇದ್ದು, ಮನಸ್ಸೂ ಇದ್ದರೆ 30 ಸಲ ಒತ್ತಿ 2 ಉಸಿರು ಕೊಡಿ. ಹಣೆ ಹಿಂದಕ್ಕೆ ಒತ್ತಿ, ಗಲ್ಲ ಮೇಲೆತ್ತಿ, ಮೂಗು ಹಿಡಿದು, ಒಂದೊಂದು ಉಸಿರನ್ನೂ 1 ಸೆಕೆಂಡಿನಲ್ಲಿ ಊದಿ. ಎದೆ ಏರಿದ್ದು ಕಂಡರೆ ಸಾಕು. ಜೋರಾಗಿ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಮೊದಲ ಉಸಿರಿಗೆ ಎದೆ ಏರದಿದ್ದರೆ ತಲೆಯನ್ನು ಮತ್ತೆ ಸರಿಯಾಗಿ ಬಾಗಿಸಿ ಇನ್ನೊಂದು ಪ್ರಯತ್ನ ಮಾಡಿ. ಅದೂ ಆಗದಿದ್ದರೆ ಬಿಟ್ಟು ಎದೆ ಒತ್ತಲು ಮರಳಿ.

ಹಾಸಿಗೆಯ ಮೇಲೆಯೇ ಮಾಡಬಹುದೇ?

ಹತ್ತಿ, ಸ್ಪಂಜಿನ ಹಾಸಿಗೆಯಲ್ಲಿ ನೀವು ಒತ್ತಿದ್ದರಲ್ಲಿ ಅರ್ಧ ಹಾಸಿಗೆ ತಗ್ಗುವುದಕ್ಕೇ ಖರ್ಚಾಗುತ್ತದೆ. ಬೆಡ್‌ಶೀಟ್ ಸಮೇತ ತಲೆ ಹಿಡಿದುಕೊಂಡು ನೆಲಕ್ಕೆ ಇಳಿಸಿ. ಒಬ್ಬರಿಂದ ಇಳಿಸಲು ಸಾಧ್ಯವೇ ಇಲ್ಲದಷ್ಟು ಭಾರವಿದ್ದರೆ ಅಲ್ಲಿಯೇ, ಇನ್ನೂ ಆಳವಾಗಿ ಒತ್ತಿ. ಇಳಿಸುವ ಪರದಾಟದಲ್ಲಿ ನಿಮಿಷಗಳು ಕಳೆಯಬಾರದು. ಬಚ್ಚಲುಮನೆಯಲ್ಲಿ ಬಿದ್ದವರನ್ನು ಸುತ್ತ ಜಾಗವಿರುವಲ್ಲಿಗೆ ಎಳೆದು ತನ್ನಿ.

ಪಕ್ಕೆಲುಬು ಲಟಕ್ಕೆಂದಿತು. ನಿಲ್ಲಿಸಬೇಕೇ?

ನಿಲ್ಲಿಸಬೇಡಿ. ಸರಿಯಾದ ಆಳದಲ್ಲಿ ಒತ್ತಿದರೆ, ಅದರಲ್ಲೂ ವಯಸ್ಸಾದವರಲ್ಲಿ, ಪಕ್ಕೆಲುಬು ಮುರಿಯುವುದು ಸಾಮಾನ್ಯ. ಕೈ ಎದೆಯ ನಡುವೆ ಇದೆಯೇ ಎಂದು ನೋಡಿಕೊಂಡು ಮುಂದುವರಿಸಿ. ಮುರಿದ ಎಲುಬು ವಾರಗಳಲ್ಲಿ ಕೂಡುತ್ತದೆ.

ಹೃದಯ ನಿಂತಿರದಿದ್ದರೆ ನಾನೇ ಅಪಾಯ ಮಾಡಿದಂತಾಗುವುದಿಲ್ಲವೇ?

ಹೃದಯ ಬಡಿಯುತ್ತಿರುವವರ ಎದೆ ಒತ್ತಿದರೆ ಸಾಮಾನ್ಯವಾಗಿ ನರಳುತ್ತಾರೆ ಅಥವಾ ನಿಮ್ಮ ಕೈ ತಳ್ಳುತ್ತಾರೆ. ಆಗ ನಿಲ್ಲಿಸಿ. ಎದೆ ನೋವು, ಅಪರೂಪಕ್ಕೆ ಎಲುಬಿಗೆ ಪೆಟ್ಟು ಬಿಟ್ಟರೆ ಗಂಭೀರ ಹಾನಿ ಆಗುವುದು ತೀರಾ ವಿರಳ. ಹೃದಯ ನಿಂತವರನ್ನು ಒತ್ತದೆ ಬಿಟ್ಟರೆ ಸಾವು ಖಚಿತ. ಈ ಎರಡನ್ನು ತೂಗಿದರೆ ಅನುಮಾನಕ್ಕೆ ಜಾಗವಿಲ್ಲ.

ಬಿದ್ದವರು ಹೆಂಗಸಾದರೆ?

ಕ್ರಮ, ಆಳ, ಜಾಗ ಎಲ್ಲ ಒಂದೇ. ಸೀರೆ, ಚೂಡಿದಾರ ಇದ್ದ ಹಾಗೆಯೇ ಮೇಲಿಂದ ಒತ್ತಬಹುದು. ಎಇಡಿ ಪ್ಯಾಡ್ ಅಂಟಿಸುವಾಗ ಮಾತ್ರ ಚರ್ಮ ಕಾಣಬೇಕು: ಆಗ ರವಿಕೆ, ಒಳಉಡುಪು ಕತ್ತರಿಸಿ ಅಥವಾ ಸರಿಸಿ. ಸುತ್ತ ಇರುವವರು ದುಪ್ಪಟ್ಟ, ಪಂಚೆ ಹಿಡಿದು ಮರೆಮಾಡಬಹುದು. ಸಾರ್ವಜನಿಕ ಸ್ಥಳಗಳಲ್ಲಿ ಕುಸಿದ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಸಿಪಿಆರ್ ಸಿಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಮುಟ್ಟಲು ಅಂಜುವುದು ಅದಕ್ಕೆ ಒಂದು ಮುಖ್ಯ ಕಾರಣ. "ಹೆಂಗಸರು ಯಾರಾದರೂ ಬರಲಿ" ಎಂದು ಕಾಯಬೇಡಿ.

ಹೊಟ್ಟೆ ದೊಡ್ಡದಾಗಿ ಕಾಣುವ ಗರ್ಭಿಣಿಯಾದರೆ, ಗರ್ಭಕೋಶ ದೊಡ್ಡ ರಕ್ತನಾಳದ ಮೇಲೆ ಕೂತು ಹೃದಯಕ್ಕೆ ರಕ್ತ ಮರಳದಂತೆ ತಡೆಯುತ್ತದೆ. ಒಬ್ಬರು ಎದೆ ಒತ್ತುತ್ತಿರುವಾಗ ಇನ್ನೊಬ್ಬರು ಎರಡೂ ಕೈಯಿಂದ ಹೊಟ್ಟೆಯನ್ನು ಗರ್ಭಿಣಿಯ ಎಡಕ್ಕೆ ಸರಿಸಿ ಹಿಡಿದಿರಬೇಕು. ಅವರನ್ನು ಮಗ್ಗುಲಾಗಿ ಮಲಗಿಸಿ ಒತ್ತುವುದು ಬೇಡ.

ಆಟೋಗೆ ಹಾಕಿಕೊಂಡು ಆಸ್ಪತ್ರೆಗೆ ಓಡುವುದು ಒಳ್ಳೆಯದಲ್ಲವೇ?

ನಮ್ಮಲ್ಲಿ ಎಲ್ಲರ ಮೊದಲ ಯೋಚನೆ ಇದೇ, ಮತ್ತು ಅದು ಪ್ರೀತಿಯಿಂದ ಹುಟ್ಟುವ ಯೋಚನೆ. ಆದರೆ ನಾಲ್ಕು ಜನ ಎತ್ತಿ, ಮೆಟ್ಟಿಲು ಇಳಿಸಿ, ಆಟೋ ಸೀಟಿನಲ್ಲಿ ಮಡಚಿ ಕೂರಿಸಿ ಹತ್ತು ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿದರೂ, ಆ ಹತ್ತು ನಿಮಿಷ ಮೆದುಳಿಗೆ ಹನಿ ರಕ್ತ ಹೋಗಿರುವುದಿಲ್ಲ. ಕುಳಿತವರ ಎದೆ ಒತ್ತಲಾಗುವುದಿಲ್ಲ. ಓಡುವ ವಾಹನದಲ್ಲಿ ಆಳ, ವೇಗ ಎರಡೂ ಕೆಡುತ್ತವೆ. ಶಾಕ್ ಬೇಕಾದ ಬಗೆಯ ಹೃದಯ ಸ್ತಂಭನದಲ್ಲಿ ಸಿಪಿಆರ್ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಸಿಪಿಆರ್ ನಡೆಯುತ್ತಿದ್ದರೆ ಇಳಿಕೆ ಶೇ 3ರಿಂದ 4ಕ್ಕೆ ನಿಲ್ಲುತ್ತದೆ. ಹಾಗಾಗಿ ಬಿದ್ದ ಜಾಗದಲ್ಲೇ ಒತ್ತಿ, ಆಂಬುಲೆನ್ಸನ್ನು ಅಲ್ಲಿಗೆ ತರಿಸಿ.

ಗಾಡಿ ಸಿಗುವುದೇ ಇಲ್ಲ ಎಂದು 108ರವರೇ ಹೇಳಿದರೆ ಮಾತು ಬೇರೆ. ಆಗ ಉದ್ದಕ್ಕೆ ಮಲಗಿಸಲು ಆಗುವ ಪಿಕಪ್, ಟೆಂಪೊ ನೋಡಿ, ಗಾಡಿ ಬಂದು ನಿಲ್ಲುವವರೆಗೂ ನೆಲದ ಮೇಲೆ ಒತ್ತುತ್ತಿರಿ. ಗಾಡಿಯೊಳಗೆ ಇಬ್ಬರು ಸರದಿಯಂತೆ ಒತ್ತಲಿ, ಚಾಲಕ ನಿಧಾನವಾಗಿ ಓಡಿಸಲಿ.

ಎಇಡಿ ಎಂದರೇನು? ಡಾಕ್ಟರಲ್ಲದವರು ಮುಟ್ಟಬಹುದೇ?

ಮುಟ್ಟಬಹುದು, ಅದನ್ನು ಮಾಡಿರುವುದೇ ಅದಕ್ಕಾಗಿ. ಹಠಾತ್ ಹೃದಯ ಸ್ತಂಭನದಲ್ಲಿ ಹಲವರ ಹೃದಯ ಮೊದಲು ಪೂರ್ತಿ ನಿಂತಿರುವುದಿಲ್ಲ, ಲಯ ತಪ್ಪಿ ಬರೀ ಕಂಪಿಸುತ್ತಿರುತ್ತದೆ. ಆ ಕಂಪನವನ್ನು ನಿಲ್ಲಿಸಬಲ್ಲದ್ದು ವಿದ್ಯುತ್ ಆಘಾತ ಮಾತ್ರ. ಎಇಡಿ ಪೆಟ್ಟಿಗೆ ಹೃದಯದ ಲಯವನ್ನು ತಾನೇ ಓದಿ, ಬೇಕಿದ್ದರಷ್ಟೇ ಶಾಕ್ ಕೊಡಲು ಹೇಳುತ್ತದೆ. ಬೇಡದವರಿಗೆ ಗುಂಡಿ ಒತ್ತಿದರೂ ಕೊಡುವುದಿಲ್ಲ. ವಿಮಾನ ನಿಲ್ದಾಣ, ದೊಡ್ಡ ಮಾಲ್, ಐಟಿ ಕಂಪನಿಗಳ ಆವರಣ, ಕೆಲವು ಅಪಾರ್ಟ್‌ಮೆಂಟ್ ಮತ್ತು ಜಿಮ್‌ಗಳಲ್ಲಿ ಇರುತ್ತದೆ. ನೀವು ದಿನಾ ಹೋಗುವ ಜಾಗದಲ್ಲಿ ಇದೆಯೇ, ಯಾವ ಮಹಡಿಯಲ್ಲಿ, ಬೀಗ ಹಾಕಿಟ್ಟಿದ್ದಾರೆಯೇ ಎಂದು ಇಂದೇ ವಿಚಾರಿಸಿ.

ಪೆಟ್ಟಿಗೆ ಬಂದ ತಕ್ಷಣ ಆನ್ ಮಾಡಿ, ಅದು ಹೇಳಿದಂತೆ ನಡೆಯಿರಿ. ಒಂದು ಪ್ಯಾಡ್ ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಯ ಮೇಲೆ. ಅಂಟಿಸುತ್ತಿರುವಾಗಲೂ ಇನ್ನೊಬ್ಬರು ಎದೆ ಒತ್ತುತ್ತಿರಲಿ. ಯಂತ್ರ ಲಯ ಓದುವಾಗ ಮತ್ತು ಶಾಕ್ ಕೊಡುವಾಗ ಯಾರೂ ರೋಗಿಯನ್ನು ಮುಟ್ಟಿರಬಾರದು. ಶಾಕ್ ಆದ ಮರುಕ್ಷಣವೇ, ಎದ್ದರಾ ಎಂದು ನೋಡದೆ, ಮತ್ತೆ ಎದೆ ಒತ್ತಿ. 2 ನಿಮಿಷಕ್ಕೆ ಯಂತ್ರವೇ ಮತ್ತೆ ನಿಲ್ಲಿಸಲು ಹೇಳುತ್ತದೆ. "ಶಾಕ್ ಬೇಡ" ಎಂದು ಅದು ಹೇಳಿದರೆ ರೋಗಿ ಚೆನ್ನಾಗಿದ್ದಾರೆ ಎಂದಲ್ಲ. ಶಾಕ್‌ಗೆ ಬಗ್ಗುವ ಲಯ ಇಲ್ಲ ಎಂದಷ್ಟೇ. ಉಸಿರು ಮರಳಿರದಿದ್ದರೆ ಒತ್ತುತ್ತಲೇ ಇರಿ.

ಎದೆ ಒದ್ದೆಯಾಗಿದ್ದರೆ ಬಟ್ಟೆಯಿಂದ ಒರೆಸಿ. ದಟ್ಟ ಕೂದಲಿಗೆ ಪ್ಯಾಡ್ ಕೂರದಿದ್ದರೆ ಪೆಟ್ಟಿಗೆಯಲ್ಲಿರುವ ರೇಜರಿನಿಂದ ಬೋಳಿಸಿ. ತಾಳಿ, ಸರ ತೆಗೆಯುತ್ತಾ ಕೂರಬೇಡಿ, ಪ್ಯಾಡಿಗೆ ತಾಗದಂತೆ ಪಕ್ಕಕ್ಕೆ ಸರಿಸಿದರೆ ಸಾಕು. ಚರ್ಮದ ಕೆಳಗೆ ಪೇಸ್‌ಮೇಕರ್ (ಹೃದಯ ಬಡಿತ ಕಾಯುವ ಪುಟ್ಟ ಯಂತ್ರ) ಉಬ್ಬು ಕಂಡರೆ ಅದರಿಂದ 8 ಸೆಂ.ಮೀ. ದೂರ ಅಂಟಿಸಿ.

ಅಪಾರ್ಟ್‌ಮೆಂಟ್ ಸಂಘಕ್ಕೆ ಎಇಡಿ ಕೊಳ್ಳುವವರು ಒಂದು ನೆನಪಿಡಿ: ಪ್ಯಾಡಿಗೂ ಬ್ಯಾಟರಿಗೂ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಜೆಲ್ ಒಣಗಿದ ಪ್ಯಾಡ್ ಅಂಟುವುದಿಲ್ಲ. ಸಿದ್ಧತೆಯ ಹಸಿರು ದೀಪ ನೋಡುವ ಕೆಲಸವನ್ನು ಒಬ್ಬರ ಹೆಸರಿಗೆ ವಹಿಸಿ.

ಕರೆಂಟ್ ಹೊಡೆದವರು, ಕೆರೆ ಬಾವಿಗೆ ಬಿದ್ದವರು, ಹಾವು ಕಚ್ಚಿದವರಿಗೂ ಇದೇ ಕ್ರಮವೇ?

ಕರೆಂಟ್ ಹೊಡೆದಿದ್ದರೆ ಮೊದಲು ಮೇನ್ ಸ್ವಿಚ್, ಪಂಪ್‌ಸೆಟ್ಟಿನ ಸ್ಟಾರ್ಟರ್ ಆಫ್ ಮಾಡಿ. ಬಿದ್ದ ಲೈನ್ ಆದರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿ ವಿದ್ಯುತ್ ಕಡಿತ ಮಾಡಿಸಿ. ಆಮೇಲೆ ಮೇಲಿನ ಕ್ರಮವೇ.

ನೀರಿನಲ್ಲಿ ಮುಳುಗಿದವರ ರಕ್ತದಲ್ಲಿ ಆಮ್ಲಜನಕ ಮೊದಲೇ ಖಾಲಿಯಾಗಿರುತ್ತದೆ. ಇಲ್ಲಿ ಉಸಿರು ಕೊಡುವುದೇ ಮುಖ್ಯ, ಕೊಡಲು ಬಲ್ಲವರು ಅದರಿಂದಲೇ ಶುರುಮಾಡಿ 30ಕ್ಕೆ 2ರಂತೆ ಮುಂದುವರಿಸಲಿ. ಹೊಟ್ಟೆ ಅದುಮಿ, ತಲೆಕೆಳಗೆ ಮಾಡಿ ನೀರು ತೆಗೆಯುವುದು ಬೇಡ. ಅದರಿಂದ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಸಮಯವೂ ಹಾಳು. ನಾಗರಹಾವಿನಂಥ ಹಾವುಗಳ ವಿಷ ಉಸಿರಾಟದ ಸ್ನಾಯುಗಳನ್ನು ಸೋಲಿಸುತ್ತದೆ. ಅಲ್ಲಿಯೂ ಉಸಿರು ಕೊಡುವುದು ಜೀವ ಹಿಡಿದಿಡುತ್ತದೆ. ಕೀಟನಾಶಕ ಕುಡಿದವರಿಗೆ ಮಾತ್ರ ಬಾಯಿಟ್ಟು ಉಸಿರು ಕೊಡಬೇಡಿ, ವಿಷ ನಿಮಗೂ ತಗಲುತ್ತದೆ. ಎದೆ ಒತ್ತಿ.

ನಾಲಗೆ ಕೆಳಗೆ ಸಾರ್ಬಿಟ್ರೇಟ್ (ಎದೆನೋವಿನ ಮಾತ್ರೆ) ಇಡಬಹುದೇ? ನೀರು ಕುಡಿಸಬಹುದೇ?

ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು. ಮಾತ್ರೆ, ನೀರು, ತೀರ್ಥ ಯಾವುದಾದರೂ ಶ್ವಾಸನಾಳಕ್ಕೆ ಹೋಗುತ್ತದೆ. ರಕ್ತವೇ ಓಡುತ್ತಿಲ್ಲದಾಗ ಮಾತ್ರೆ ಹೃದಯಕ್ಕೆ ತಲುಪುವ ಮಾತೂ ಇಲ್ಲ. ಅಂಗಾಲು ಉಜ್ಜುವುದು, ಮುಖಕ್ಕೆ ನೀರು ಚಿಮುಕಿಸುವುದು ಕೈಗಳಿಗೆ ಕೆಲಸ ಕೊಡುತ್ತವೆ, ಹೃದಯಕ್ಕಲ್ಲ. ಆ ಕೈಗಳನ್ನು ಎದೆಯ ಮೇಲಿಡಿ.

ಜೋರಾಗಿ ಕೆಮ್ಮಿದರೆ ಹೃದಯ ಮತ್ತೆ ಶುರುವಾಗುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು?

ನಂಬಬೇಡಿ. ಹೃದಯ ನಿಂತವರಿಗೆ ಕೆಮ್ಮುವಷ್ಟು ಎಚ್ಚರವೇ ಇರುವುದಿಲ್ಲ. ಎದೆನೋವಿದ್ದು ಎಚ್ಚರವಿರುವವರು ಕೆಮ್ಮುತ್ತಾ ಕೂರದೆ 108ಕ್ಕೆ ಫೋನ್ ಮಾಡಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಎಷ್ಟು ಹೊತ್ತು ಮಾಡಬೇಕು?

ಸಹಜವಾಗಿ ಉಸಿರಾಡುವವರೆಗೆ, ಅಥವಾ ಆಂಬುಲೆನ್ಸ್ ಸಿಬ್ಬಂದಿ ವಹಿಸಿಕೊಳ್ಳುವವರೆಗೆ, ಅಥವಾ ನಿಮ್ಮ ಮೈಯಲ್ಲಿ ಇನ್ನು ಆಗುವುದಿಲ್ಲ ಎನ್ನುವವರೆಗೆ. ಗಾಡಿ ಬಂತೆಂದು ಕೈ ತೆಗೆಯಬೇಡಿ, ಅವರು ಪಕ್ಕಕ್ಕೆ ಬಂದು ತಾವು ಒತ್ತುವವರೆಗೂ ಮುಂದುವರಿಸಿ. ಎಷ್ಟು ಗಂಟೆಗೆ ಬಿದ್ದರು, ಯಾವಾಗ ಒತ್ತಲು ಶುರುಮಾಡಿದಿರಿ, ಎಷ್ಟು ಶಾಕ್ ಆಯಿತು, ಸಕ್ಕರೆ ಕಾಯಿಲೆ, ಬಿಪಿಗೆ ಏನು ಮಾತ್ರೆ ತಗೊಳ್ಳುತ್ತಿದ್ದರು ಎಂಬುದನ್ನು ಅವರಿಗೆ ಹೇಳಿ.

ಉಸಿರು ಮರಳಿದರೆ?

ಸಹಜ ಉಸಿರಿದ್ದು ಎಚ್ಚರವಿಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ವಾಂತಿ ಹೊರಗೆ ಹರಿಯುವಂತೆ ಬಾಯಿ ಕೆಳಮುಖವಾಗಿರಲಿ. ಎಇಡಿ ಪ್ಯಾಡ್ ಕೀಳಬೇಡಿ, ಆಫ್ ಮಾಡಬೇಡಿ. ಹೃದಯ ಮತ್ತೆ ನಿಲ್ಲಬಹುದು, ಉಸಿರಿನ ಮೇಲಿನ ಕಣ್ಣು ತೆಗೆಯಬೇಡಿ.

ಅವರು ಉಳಿಯದಿದ್ದರೆ ನನ್ನ ಮೇಲೆ ಕೇಸ್ ಆಗುತ್ತದೆಯೇ?

ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿರುವವರ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ಹೇಳುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ 92ನೇ ಸೆಕ್ಷನ್ ಆಗಿತ್ತು. ರಸ್ತೆ ಅಪಘಾತದಲ್ಲಿ ನೆರವಾಗುವವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಪ್ರತ್ಯೇಕ ರಕ್ಷಣೆ ಕೊಡುತ್ತದೆ. ಕರ್ನಾಟಕವೂ 2016ರಲ್ಲಿ ಗುಡ್ ಸಮಾರಿಟನ್ ಕಾಯ್ದೆ ಮಾಡಿದೆ.

ಓದಿದರೆ ಸಾಕೇ, ಕಲಿಯುವುದು ಎಲ್ಲಿ?

ಓದಿದ್ದು ಇಲ್ಲದ್ದಕ್ಕಿಂತ ಮೇಲು. ಆದರೆ 5 ಸೆಂ.ಮೀ. ಎಂದರೆ ಎಷ್ಟು ಬಲ ಎಂಬುದು ಬೊಂಬೆಯ ಮೇಲೆ ಒತ್ತಿಯೇ ತಿಳಿಯಬೇಕು. ಮೊದಲ ಸಲ ಒತ್ತಿದವರು "ಇಷ್ಟು ಗಟ್ಟಿಯಾಗಿಯೇ?" ಎಂದು ಬೆರಗಾಗುತ್ತಾರೆ. ಕೋಲ್ಸ್ ತರಬೇತಿಯನ್ನು ಹಲವು ವೈದ್ಯಕೀಯ ಕಾಲೇಜುಗಳ ಅರಿವಳಿಕೆ ವಿಭಾಗದವರು ನಡೆಸುತ್ತಾರೆ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಪ್ರಥಮ ಚಿಕಿತ್ಸಾ ಶಿಬಿರಗಳಲ್ಲೂ ಕಲಿಸುತ್ತಾರೆ. ಶಿಬಿರ ಆಯ್ಕೆ ಮಾಡುವಾಗ ಪ್ರತಿಯೊಬ್ಬರಿಗೂ ಬೊಂಬೆಯ ಮೇಲೆ ಪೂರ್ತಿ 2 ನಿಮಿಷ ಒತ್ತಲು ಕೊಡುತ್ತಾರೆಯೇ ಎಂದು ಕೇಳಿ. ಬರೀ ಸ್ಲೈಡ್ ತೋರಿಸಿ ಪ್ರಮಾಣಪತ್ರ ಕೊಡುವ ಕಡೆ ಹೋಗಬೇಡಿ. ಕಲಿತದ್ದು ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆಯಾದರೂ ಮತ್ತೆ ಬೊಂಬೆಯ ಮುಂದೆ ಮಂಡಿಯೂರಿ ಅಭ್ಯಾಸ ಮಾಡಿ. ಮನೆಯಲ್ಲಿ ಹೃದ್ರೋಗಿ ಇದ್ದರೆ ಒಬ್ಬರಲ್ಲ, ಕನಿಷ್ಠ ಇಬ್ಬರು ಕಲಿತಿರಲಿ.